ಗಿಡ ಯಾವ ಬಲಕ್ಕೆ

ಜೆಸಿಬಿ ಬಾಗಿಲ ಮುಂದೆಯೇ ನಿಂತಿತ್ತು. ಮುಂದಿನ ಖೋಲಿ ಹೋದರೆ ಮಕ್ತುಮಬಿಗೆ ಹೊಲಿಗೆ ಯಂತ್ರ ಇಡಲು ಬೇರೆ ಜಾಗವಿರಲಿಲ್ಲ. ತಾಯಿ ಮಗಳಿಗೆ ಬೇರೆ ದುಡಿಮೆಯೂ ಇರಲಿಲ್ಲ. ಮಗಳು ಇಷ್ರತ ಚೌಕಟ್ಟು ಹಿಡಿದು ನೋಡುತ್ತಿದ್ದಳು. ಶಾಲೆ ಬಿಟ್ಟಾಗಿನಿಂದ ಹೊರಗಿನವರೆದುರು ಆಕೆ ಬಾಯಿ ಬಿಟ್ಟದ್ದೇ ಅಪರೂಪ.

ಗಜೇಂದ್ರಗಡದಿಂದ ಲಕ್ಕಲಕಟ್ಟಿಗೆ ಹೋಗುವ ರಸ್ತೆ ಊರಂಚಿನ ಈ ಓಣಿಯಲ್ಲಿ ಅಗಲವಾಗಬೇಕಿತ್ತು. ಡಾಂಬರು ಬೀಳುವ ಮೊದಲು ಇಲ್ಲಿದ್ದದ್ದು ಬಂಡಿದಾರಿ. ಅದರ ಮೇಲೆ ಕಟ್ಟಿಕೊಂಡವರು ಜಾಗ ಬಿಡಬೇಕೆಂದು ಎಂಜಿನಿಯರ್ ಹೇಮಂತ ಹೇಳಿದ್ದ. ದಾರಿ ಹುಣಸೆಮರದ ಪಕ್ಕಕ್ಕಿತ್ತು ಎಂಬುದಷ್ಟೇ ಎಲ್ಲರಿಗೂ ಗೊತ್ತು; ಯಾವ ಪಕ್ಕಕ್ಕೆ ಎಂಬುದು ಗೊತ್ತಿರಲಿಲ್ಲ. ಕಡಿದ ಮರದ ಬೊಡ್ಡೆ ಇನ್ನೂ ರಸ್ತೆಯ ನಡುವೆ ಇತ್ತು. ಅದರ ಇತ್ತ ಇಷ್ರತಳ ಮನೆ, ಅತ್ತ ವೆಂಕೂಬಾಯಿಯ ಮನೆ. ಆಗ ಬಂಡಿ ಹೊಡೆದವರಲ್ಲಿ ಉಳಿದವನು ರಮಜಾನಸಾಬ ಒಬ್ಬನೇ. ಅವನು ಹೇಳಿದಂತೆ ಆಗಲಿ ಎಂದು ಎರಡೂ ಮನೆಯವರು ಒಪ್ಪಿದ್ದರು.

ಮುದುಕ ಬೊಡ್ಡೆಯ ಬಳಿ ನಿಂತು ಕೈಯೆತ್ತಿದ. "ಗಿಡಾ ಬಲಕ್ಕ ಬರತಿತ್ರಿ. ಅದರ ನೆಳ್ಳಾಗ ಎತ್ತಿಗೆ ನೀರು ಕುಡಿಸ್ತಿದ್ವಿ."

ಹೇಮಂತ ಲಕ್ಕಲಕಟ್ಟಿಯ ಕಡೆ ಮುಖ ಮಾಡಿ ಲೆಕ್ಕ ಹಾಕಿದ. ಹುಣಸೆಮರ ಬಲಕ್ಕೆಂದರೆ ದಾರಿ ಮರದ ಎಡಕ್ಕೆ. ಎಡಕ್ಕಿದ್ದದ್ದು ಮಕ್ತುಮಬಿಯ ಖೋಲಿ. ಗೋಡೆಗೆ ಕೆಂಪು ಗೆರೆ ಬಿತ್ತು, ಜೆಸಿಬಿ ಗುರ್ರೆಂದಿತು.

ವೆಂಕೂಬಾಯಿ ತಾನಾಗಿಯೇ ದಾಟಿ ಬಂದಳು. ತನ್ನ ಪಡಸಾಲೆಯಲ್ಲಿ ಇಟ್ಟುಕೊಳ್ಳಿ ಎಂದು ಹೊಲಿಗೆ ಯಂತ್ರದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಮಕ್ತುಮಬಿ ಹಿಡಿದಳು.

ಇಷ್ರತ ಮುದುಕ ನಿಂತಿದ್ದ ಬಗೆಯನ್ನು ನೆನೆದಳು. ಮುದುಕ ಹೇಳುವಾಗ ಅವನ ಬೆನ್ನು ಲಕ್ಕಲಕಟ್ಟಿಯ ಕಡೆಗಿತ್ತು. ಎತ್ತಿದ ಬಲಗೈ ತಮ್ಮ ಮನೆಯತ್ತ ಇತ್ತು. ಅವನು ಹುಟ್ಟಿದ್ದು ಲಕ್ಕಲಕಟ್ಟಿಯಲ್ಲಿ. ಅವನ ಪಾಲಿಗೆ ಇದು ಗಜೇಂದ್ರಗಡದ ಸಂತೆಗೆ ಬರುವ ದಾರಿ; ಅವನ ಬಲ ಹೇಮಂತನ ಎಡ. ಆದರೆ ಅದನ್ನು ಹೇಳಿದರೆ ಒಡೆಯುವುದು ವೆಂಕೂಬಾಯಿಯ ಆ ಪಡಸಾಲೆಯನ್ನೇ.

ಜೆಸಿಬಿಯ ಹಲ್ಲು ಗೋಡೆಯ ಸಮೀಪ ಬಂತು.

"ಅಜ್ಜಾರ," ಎಂದಳು ಇಷ್ರತ. ಯಾರಿಗೂ ಕೇಳಿಸಲಿಲ್ಲ. ಹೊರಗೆ ಬಂದು ಮುದುಕನ ತೋಳು ಹಿಡಿದಳು. "ಸಂತಿಗೆ ಬರೂ ಮುಂದ ಬಲಕ್ಕೋ, ತಿರುಗಿ ಹೋಗೂ ಮುಂದ ಬಲಕ್ಕೋ?"

ಮುದುಕ ನಕ್ಕ. "ಬರೂ ಮುಂದ, ತಂಗೀ. ಹೋಗೂ ಮುಂದ ಕತ್ತಲಾಗಿರ್ತಿತ್ತು, ನಾ ನಿದ್ದಿ ಹೊಡೀತಿದ್ದೆ. ಗಿಡಾ ಎಲ್ಲೈತಿ ಅಂತ ಎತ್ತಿಗಷ್ಟ ಗೊತ್ತು."

ಹೇಮಂತ ಗಜೇಂದ್ರಗಡದ ಕಡೆ ತಿರುಗಿ ನಿಂತ. ಮತ್ತೊಮ್ಮೆ ಬೊಡ್ಡೆ ನೋಡಿದ. ಆಮೇಲೆ ಚಾಲಕನಿಗೆ ವೆಂಕೂಬಾಯಿಯ ಮನೆಯತ್ತ ಕೈಸನ್ನೆ ಮಾಡಿದ.

ರಸ್ತೆಯ ನಡುವೆ ಇಬ್ಬರು ಹೆಂಗಸರೂ ಯಂತ್ರ ಹಿಡಿದು ನಿಂತುಬಿಟ್ಟಿದ್ದರು.

"ಇಷ್ಟ ದಿನಾ ಬಾಯಿನ ಇರಲಿಲ್ಲಲ್ಲ ನಿನಗ," ಎಂದಳು ವೆಂಕೂಬಾಯಿ.

ಇಷ್ರತ ಆಕೆಯ ಕೈಯೊಳಗಿನ ತುದಿಯನ್ನು ತಾನು ಹಿಡಿದುಕೊಂಡಳು. "ನಿಮ್ಮ ಸಾಮಾನು ನಮ್ಮ ಖೋಲ್ಯಾಗ ಇಡ್ರಿ, ಬಾಯಾರ."

ವೆಂಕೂಬಾಯಿ ಬರಿಗೈಯಲ್ಲಿ ರಸ್ತೆ ದಾಟಿದಳು. ಪಡಸಾಲೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡಳು. ಜೆಸಿಬಿ ನಿಧಾನವಾಗಿ ಅತ್ತ ತಿರುಗುತ್ತಿತ್ತು.