ಇನ್ನೊಂದ್ ಚಿಟಿಕಿ ಉಪ್ಪು

ವೈಜಿನಾಥ ಸರ್‌ಗ ಡಾಕ್ಟರೇಟ್ ಯಾರ್ ಕೊಟ್ಟಾರೋ, ಅವರಿಗೊಂದ್ ದೊಡ್ಡ ನಮಸ್ಕಾರ! ಔರಾದದಿಂದ ಭಾಲ್ಕಿ ಕಾಲೇಜಿಗಿ ಕಾರಿನ್ಯಾಗ ಬರೋ ಈ ಮನಷ್ಯಾ ದೊರ್ಕಾ ಅಂಬೋ ಹುಡುಗಿಯ ಪಿಎಚ್‌ಡಿ ಗೈಡ್. ಲ್ಯಾಬಿನ್ಯಾಗ ಕೈ ಒದ್ದಿ ಮಾಡ್ಕೊಂಡಿದ್ದು ಯಾವ ಕಾಲದಾಗೋ ಏನೋ, ಮಾತು ಮಾತ್ರ ಮುಗಿಲಿಗಿ ಏಣಿ ಹಾಕ್ತಿತ್ತು.

ದೊರ್ಕಾಳ ಕೆಲಸ ಏನಪಾ ಅಂದ್ರ, ಬಿಳಿ ಪುಡಿ ಲೇಪಿಸಿದ ಗಾಜಿನ ಫಲಕದ ಮ್ಯಾಲ ಕಲಬೆರಕಿ ಬಣ್ಣದ ಚುಕ್ಕಿ ಇಡಬೇಕು, ಫಲಕ ದ್ರಾವಣದಾಗ ತೋಯಿಸಬೇಕು, ಎರಡೂ ತುದಿಗಿ ಕರೆಂಟ್ ಕೊಡಬೇಕು. ಕರೆಂಟು ದ್ರಾವಣಾ ಎಳೀತದ, ಅದರ ಬೆನ್ನು ಹತ್ತಿ ಬಣ್ಣಗೋಳು ಬ್ಯಾರಿ ಬ್ಯಾರಿ ಆಗ್ತಾವ. ಎಲ್ಲಾ ಕಿಮ್ಮತ್ತು ದ್ರಾವಣಕ್ಕ ಬೆರಸೋ ಉಪ್ಪಿಂದು. ಕಮ್ಮಿ ಬಿತ್ತೋ, ದ್ರಾವಣಾ ಫಲಕದ ಮ್ಯಾಲ ಉಕ್ಕಿ ನಿಂತು ಚುಕ್ಕಿ ತೊಳದು ಬಿಡ್ತದ. ಹೆಚ್ಚಾತೋ, ಕಾವು ಹತ್ತಿ ಫಲಕ ಒಣಗ್ತದ. ಈ ಹದಾ ಹುಡುಕಲಾಕ ದೊರ್ಕಾ ದಿನಾ ಬೀದರ–ಭಾಲ್ಕಿ ಬಸ್ಸಿನ್ಯಾಗ ಓಡಾಡಿ ಸೊಂಟ ಮುರ್ಕೊಂಡಿದ್ಳು.

ಅವತ್ತು ಬೀದರದಿಂದ ಇನ್ನೊಬ್ಬ ಪಿಎಚ್‌ಡಿ ಗೈಡ್ ಪ್ರಣಾಲಿ ಮೇಡಂ ಬಂದಿದ್ರು. ಅವರ ಲ್ಯಾಬಿನ್ಯಾಗ ಒಂದ್ ಜಾಗಾ ಖಾಲಿ ಇತ್ತು. ಗೈಡ್ ಬದಲಿ ಮಾಡ್ಕೊಂಡು ಅಲ್ಲಿಗಿ ಹೋಗಬೇಕು ಅಂತ ದೊರ್ಕಾ ಮಂಗಲಪೇಟ ಚರ್ಚಿನ್ಯಾಗ ಪ್ರಾರ್ಥನಾನೂ ಮಾಡಿದ್ಳು. ಇವತ್ತಿನ ಫಲಕ ನೋಡೇ ಮೇಡಂ ಹೂಂ ಅನ್ನೋರಿದ್ರು.

ದೊರ್ಕಾ ಹದವಾಗಿ ದ್ರಾವಣಾ ಮಾಡಿಟ್ಟಿದ್ಳು. ಮೇಡಂ ಕುಂತಿದ್ದು ಕಂಡದ್ದೇ ಸರ್ ತೋಳು ಮಡಚಿ ಬಂದ್ರು.

"ಇಷ್ಟೇ ಉಪ್ಪೇನವ್ವಾ? ಇನ್ನೊಂದ್ ಚಿಟಿಕಿ ಹಾಕು. ಉಪ್ಪಿಗಿಂತ ರುಚಿ ಇಲ್ಲ ಅಂತ ಹಿರಿಯರು ಸುಮ್ನ ಅಂದಾರೇನು?" ಅಂದವರೇ ಡಬ್ಬಿ ಎತ್ತಿ ತಾವೇ ಸುರದರು. ಚಿಟಿಕಿ ಅಲ್ಲ, ಮದವಿ ಮನಿ ಸಾರಿಗಿ ಹಾಕಿದಂಗ.

'ಬ್ಯಾಡ್ರಿ ಸರ್, ಸುಡ್ತದ' ಅಂಬೋ ಮಾತು ದೊರ್ಕಾಳ ನಾಲಗಿ ತುದಿಗಿ ಬಂತು. ನುಂಗಿದ್ಳು. ಸುಡಲಿ! ಈ ಬಡಾಯಿ ಪಂಡಿತನ ಬಂಡವಾಳ ಮೇಡಂಗೂ ತಿಳೀಲಿ! ಅದೇ ದ್ರಾವಣದಾಗ ಫಲಕ ತೋಯಿಸಿ, ತಾನೇ ಸ್ವಿಚ್ ಒತ್ತಿದ್ಳು. ಒಳಗೊಳಗ ಹಾಲು ಕುಡದಷ್ಟು ಖುಷಿ.

ಒತ್ತಿದ್ದೇ ತಡ, ಫಲಕದ ಮ್ಯಾಲ ಉಗಿ ಎದ್ದಿತು. ನಡುವ ಒಣಗಿ ಬೆಳ್ಳಗಾತು. ಕೆಂಪು, ನೀಲಿ, ಹಳದಿ ಎಲ್ಲಾ ಒಂದೇ ಕಡಿ ಬಚ್ಚಲ ಕೆಸರಿನಂಗ ನಿಂತ್ವು.

ಸರ್ ನಾಚ್ಕೊಂಡ್ರೇನು? ಛೀ, ಎಲ್ಲೀದು! "ಈ ಹುಡುಗಿಗಿ ಎಷ್ಟ್ ಹೇಳಿದ್ರೂ ಅಷ್ಟೇ ನೋಡ್ರಿ ಮೇಡಂ. ಫಲಕಾನೇ ಬರೋಬ್ಬರಿ ತಯಾರ್ ಮಾಡಿಲ್ಲ" ಅಂದ್ರು. ಕುಣೀಲಾಕ ಬರಲಾರದಾಕಿ ನೆಲಾನೇ ಡೊಂಕು ಅಂದಿದ್ಳಂತ.

ಮೇಡಂ ಅವರ ಕಡಿ ನೋಡಲೇ ಇಲ್ಲ. ದೊರ್ಕಾಗ ಕೇಳಿದ್ರು: "ಉಪ್ಪು ಹೆಚ್ಚಾದ್ರ ಹಿಂಗಾಗ್ತದಂತ ನಿನಗ ಗೊತ್ತಿತ್ತೇನು?"

ಇದೇ ಗಳಿಗಿಗಿ ಕಾದಿದ್ಳು ದೊರ್ಕಾ. "ಗೊತ್ತಿತ್ರಿ ಮೇಡಂ! ಕರೆಂಟ್ ಹೆಚ್ಚಾಗಿ ದ್ರಾವಣಾ ಆರಿ ಹೋಗ್ತದ. ಸರ್ ಡಬ್ಬಿ ಎತ್ತಿದಾಗೇ ಗೊತ್ತಿತ್ರಿ!"

"ಮತ್ತ ಯಾಕ ತಡೀಲಿಲ್ಲ?"

ದೊರ್ಕಾ ಸ್ವಿಚ್ ಆರಿಸಲಾಕ ಹೋದ್ಳು.

ಮೇಡಂ ಬ್ಯಾಗ್ ಹೆಗಲಿಗಿ ಹಾಕ್ಕೊಂಡ್ರು. "ಅವರು ಗೊತ್ತಿಲ್ದೇ ಕೆಡಿಸಿದ್ರು. ನೀ ಗೊತ್ತಿದ್ದು ಸುಟ್ಟಿ. ಗೊತ್ತಿಲ್ಲದವರಿಗಿ ಕಲಿಸಬಹುದವ್ವಾ. ನಿನ್ನಂಥಾಕಿ ನನ್ನ ಲ್ಯಾಬಿಗಿ ಬ್ಯಾಡ."

ಅವರ ಚಪ್ಪಲಿ ಸಪ್ಪಳ ಮೆಟ್ಟಲಾ ಇಳದು ಹೋತು. ವೈಜಿನಾಥ ಸರ್ ದೊರ್ಕಾಳ ಹಂತ್ಯಾಕ ಬಂದು, ಖರೇನೇ ಮರುಗಿ ಅಂದ್ರು: "ಹೋಗ್ಲಿ ಬಿಡವ್ವಾ. ನಿನಗ ನಾ ಅದೀನಲ್ಲ!"