ಹರಿವಾಣದ ಅಕ್ಕಿ

ಆ ಬೆರಳು ನಿಂತಿತು, ಗುಲಾಬಿ ಬಣ್ಣ ಹಚ್ಚಿದ ಉಗುರಿನ ಬೆರಳು, ಕೀಲಿಮಣೆಗಿಂತ ಒಂದಿಂಚು ಮೇಲೆ — ಮಾವಶೀ, ಉದ್ಯಮದ ಹೆಸ್ರು ಎಂತ ಹಾಕುದು? — ವೈಜಯಂತಿಗೆ ಹರಿವಾಣದ ಅಕ್ಕಿಯ ಮೇಲೆ ನಿಂತಿದ್ದ ಇನ್ನೊಂದು ಬೆರಳು ನೆನಪಾಯಿತು, ಉಂಗುರ ಹಿಡಿದದ್ದು, ಬಲೆಯ ಹಗ್ಗ ಎಳೆದೆಳೆದು ಉಗುರು ಸವೆದದ್ದು, ಗಂಡ ಮಂಗೇಶನದು. ಛೆ, ಈಗೆಂತಕ್ಕೆ ಅದು. ಹುಡುಗಿ ಕಾಯುತ್ತಿದೆ, ಪ್ರೇಕ್ಷಾ ಅಂತೆ ಹೆಸರು, ಕಾರವಾರ ಬಸ್ ಸ್ಟ್ಯಾಂಡಿನ ಹತ್ತಿರದ ಈ ಕಂಪ್ಯೂಟರ್ ಅಂಗಡಿಯಲ್ಲಿ ದಿನವಿಡೀ ಇದೇ ಕೆಲಸ, ಆಧಾರ್ ಆಯಿತು, ಪ್ಯಾನ್ ಆಯಿತು, ಫೋನಿಗೆ ಬಂದ ಆರು ಅಂಕಿ ಓದಿ ಹೇಳಿದ್ದೂ ಆಯಿತು, ಉಳಿದದ್ದು ಈ ಒಂದು ಖಾಲಿ ಚೌಕ, ಅದರೊಳಗೆ ಒಂದು ಗೆರೆ ಕಣ್ಣು ಮಿಟುಕಿಸುತ್ತ ನಿಂತಿದೆ. ಯೋಚ್ನೆ ಮಾಡಿ ಹೇಳಿ ಮಾವಶೀ, ಸಣ್ಣ ಉದ್ಯಮದವ್ರದ್ದು ದೇಶಕ್ಕೆಲ್ಲ ಒಂದೇ ಪಟ್ಟಿ ಇದು, ದಿಲ್ಲಿಲಿ ಇರ್ತದೆ. ಯೋಚನೆ ಎಂತದು, ಚಿತ್ತಾಕುಲದಲ್ಲಿ ಬಸ್ಸು ಹತ್ತಿ ಕಾಳಿ ಸೇತುವೆ ದಾಟುವವರೆಗೂ ಮಾಡಿದ್ದು ಅದನ್ನೇ. ಹೊರಡುವಾಗ ಗೋದಾವರಿ ಅತ್ತೆ ಬಾಗಿಲಲ್ಲಿ ಕೂತು ಹೇಳಿಯಾಗಿದೆ, ವೈಜಯಂತಿ ಅಂತನೇ ಬರೆಸು, ನಾ ಇಟ್ಟ ಹೆಸ್ರು, ತೂಕ ಅದೆ ಅದ್ಕೆ. ತೂಕ ಇದೆ, ಇಪ್ಪತ್ತೊಂಬತ್ತು ವರ್ಷ ಹೊತ್ತವಳಿಗೆ ಗೊತ್ತಿಲ್ಲವೇ. ಆದರೆ ಸೀಗಡಿ ಒಣಗಿಸುವುದು, ಕಸ ಹೆಕ್ಕುವುದು, ಹುರಿದು ಮೆಣಸು ಕೊಬ್ಬರಿ ಹಾಕಿ ಈಗ ಮಾರಲು ಹೊರಟ ಈ ಚಟ್ನಿಪುಡಿ ಕುಟ್ಟುವುದು, ಇದೆಲ್ಲ ತವರು ಮಂಜಗುಣಿಯಲ್ಲಿ ಅವ್ವನ ಹತ್ತಿರ ಕಲಿತದ್ದು, ಆಗ ಅವಳು ನಾಗು, ನಾಗೂ ಕಾಗೆ ಬಂತು ನೋಡೇ, ಗಂಗಾವಳಿ ದಡದಲ್ಲಿ ಹರಡಿದ ಸೀಗಡಿಯ ಪಕ್ಕ ಕೋಲು ಹಿಡಿದು ಕೂತವಳು ನಾಗು, ಕೈ ಅದೇ ಕೈ, ಪುಡಿ ಅದೇ ಪುಡಿ, ಹೆಸರು ಮಾತ್ರ ಮದುವೆಯ ದಿನ ಹರಿವಾಣದಲ್ಲಿ ಹೋಯಿತು.

ಬಂದ ಹೆಣ್ಣಿಗೆ ಹೊಸ ಹೆಸರಿಡುವುದು ಆ ಮನೆಯ ಕ್ರಮ, ಹರಿವಾಣದಲ್ಲಿ ಅಕ್ಕಿ ಹರಡಿ ಮದುಮಗ ಉಂಗುರದಲ್ಲಿ ಬರೆಯಬೇಕು, ಅತ್ತೆ ವಾರದಿಂದ ಬಾಯಿಪಾಠ ಮಾಡಿಸಿದ್ದರಂತೆ, ವೈ, ಜ, ಯಂ, ತಿ, ಆದರೆ ಆ ಪುಣ್ಯಾತ್ಮ ಕೂತವನೇ ಬರೆದದ್ದು ನಾ — ಒಂದೇ ಅಕ್ಷರ, ತಪ್ಪಿ ಬರೆದನೋ ಬೇಕೆಂದೇ ಬರೆದನೋ, ಅತ್ತೆ ಕೆಮ್ಮಿದರು, ಅವನ ಅಂಗೈ ಬಂತು, ಅಕ್ಕಿ ಸಪಾಟಾಯಿತು, ಕಂಡದ್ದು ಮೂವರಿಗೆ, ಆಡಿದವರು ಯಾರೂ ಇಲ್ಲ. ಆಮೇಲೆ ಇಬ್ಬರೇ ಇರುವಾಗ ಅವನೆಂದದ್ದು, ಜನ್ರ ಎದ್ರಿಗೆ ವೈಜಯಂತಿ ಹೇಳ್ತೆ, ಇಲ್ಲಿ ನೀ ನಾಗು, ಆತಾ? ಆತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ, ತವರಲ್ಲಿ ಅವ್ವ ಹೋದಳು, ಅಣ್ಣ ಹೋದ, ಹೋದ ವರ್ಷದ ಮಳೆಗಾಲದಲ್ಲಿ ಜ್ವರ ಅಂತ ಮಲಗಿದ ಮಂಗೇಶನೂ, ನಾಗು ನೀರು ಕೊಡೇ ಅಂದದ್ದೇ ಕೊನೆ — ಅಲ್ಲಿಂದ ಆ ಹೆಸರು ಹಿಡಿದು ಈ ಜಗತ್ತಿನಲ್ಲಿ ಯಾರೂ ಕರೆದಿಲ್ಲ. ಒಂದು ದಿನ ಬಾವಿಯ ಹತ್ತಿರ ಯಾರೂ ಇಲ್ಲದಾಗ ತಾನೇ ಕರೆದು ನೋಡಿದಳು, ನಾಗೂ, ಹುಚ್ಚಿ, ಓ ಅನ್ನುವುದಕ್ಕೂ ತಾನೇ ಬೇಕಲ್ಲ. ಮಂಗೇಶ ಹೋದನೆಂದು ಕೇರಿಯೆಲ್ಲ ಅತ್ತಿತು, ನಾಗು ಹೋದಳೆಂದು ಅಳುವವರು ಯಾರು, ಇಷ್ಟು ಒಂಟಿಯಾಗಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮಾವಶೀ, ಟೈಮ್ ಆದ್ರೆ ಪೇಜ್ ಹೋಗ್ತದೆ, ಮತ್ತೆ ಮೊದ್ಲಿಂದ ಮಾಡ್ಬೇಕು. ನಾಗು, ಅಂದಳು, ನಾಗು ಸೀಗಡಿ ಚಟ್ನಿ ಅಂತ ಹಾಕು. ಚಂದ ಅದೆ, ನಾಗು ಯಾರು, ನಿಮ್ಮ ಮಗಳಾ? ಅಲ್ಲ, ಇದ್ದಳು ಒಬ್ಬಳು — ಇದ್ದಳು ಎಂದು ಯಾಕಂದೆ — ಹುಡುಗಿಯ ಮುಖ ಸಣ್ಣದಾಯಿತು, ತೀರಿಹೋದ್ರಾ, ಪಾಪ. ತಿದ್ದಬೇಕಿತ್ತು, ತಿದ್ದಲಿಲ್ಲ, ಗುಲಾಬಿ ಉಗುರು ಇಳಿಯಿತು, ಟಕ್, ಟಕ್, ಚೌಕದಲ್ಲಿ ಅಕ್ಷರ ಬಿತ್ತು, ಇಂಗ್ಲಿಷಿನದು, ಅವಳಿಗೆ ಓದಲು ಬಾರದು, ಆದರೆ ಯಾರೂ ಕೆಮ್ಮಲಿಲ್ಲ. ಅತ್ತೆ ಕಾಗದ ನೋಡಿದರೆ? ನೋಡಲಿ, ಅವರಿಗೂ ಇಂಗ್ಲಿಷ್ ಬಾರದು.

ಬೆಂಚಲ್ಲಿ ಕೂರಿ, ಪ್ರಿಂಟ್ ಬಂದ್ಮೇಲೆ ಜಟ್ಟಣ್ಣ ಕರೀತ್ರು. ಕೂತಳು, ರಸ್ತೆಯಲ್ಲಿ ಕೈಗಾದ ಬಸ್ಸು ಹೋಯಿತು, ಪಕ್ಕದವರು ಫೋನಿನಲ್ಲಿ ಯಾರ ಹತ್ತಿರವೋ ನಗುತ್ತಿದ್ದಾರೆ, ಮೂಲೆಯ ಯಂತ್ರದ ಬಳಿ ನರೆತ ತಲೆಯ ಜಟ್ಟ ಒಂದೊಂದೇ ಕಾಗದ ಎತ್ತಿ ಮೇಲೆ ಕಂಡ ಹೆಸರು ಕೂಗುತ್ತಾನೆ, ರಾಮನಾಥ ಯಾರು, ಒಬ್ಬರು ಎದ್ದು ಹೋದರು, ಮತ್ತೆ ಕಾಗದ, ಕನ್ನಡಕ ಮೇಲೇರಿಸಿ — ನಾಗು. ಗಂಡಸಿನ ದನಿ. ನಾಗು ಯಾರು? ಓ ಅನ್ನಬೇಕು, ಎದ್ದು ಹೋಗಬೇಕು, ಓ ಅಂದರೆ ಮುಗಿಯಿತು, ಕಾಗದ ಕೈಗೆ ಕೊಟ್ಟು ಮುಂದಿನವರನ್ನು ಕರೆಯುತ್ತಾನೆ, ಮತ್ತೆ ಯಾರು ಕರೆಯುತ್ತಾರೆ, ಸೆರಗನ್ನು ಬಾಯಿಗೊತ್ತಿ ಕೂತಳು, ಇನ್ನೊಂದು ಸಲ ಮಾರಾಯ, ಇನ್ನೊಂದೇ ಸಲ — ನಾಗೂ, ಇದ್ದೀರಾ? — ಹರಿವಾಣ, ಅಕ್ಕಿ, ಸವೆದ ಉಗುರಿನ ಬೆರಳು, ನಾ, ಅಂಗೈ ಇನ್ನೂ ಬಂದಿಲ್ಲ, ನಾ