ಟೂರೆ ನೋಡಿದ ಗಾಡಿಗಳು

"ಇನ್ನೊಂದ್ಸಲ ಎಳೀರೋ, ಅಲ್ಲಾಡಬಾರ್ದು," ಎಂದ ಟೂರೆಯ ಗೆಳೆಯ ಲೆಲ್ಲೆ. ಇಬ್ಬರು ಪಟ್ಟಿಯನ್ನು ಜಗ್ಗಿ ಬಿಗಿದರು. ಟೂರೆಯ ಶವಪೆಟ್ಟಿಗೆ ಹಸಿರು ಪಿಕಪ್‌ನ ಹಿಂಬದಿಯಲ್ಲಿ ಭದ್ರವಾಗಿ ಕೂತಿತು.

ಬೇರಿತ್ ಮನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದಳು. ಗಂಡನಿಗಾಗಿ ಅವಳು ಹೇಳಿದ್ದು ಒಂದು ಸಾದಾ ಶವವಾಹನ. ಮಗಳು ಪೆಗ್ಗಿ ಗುಟ್ಟಾಗಿ ಅದನ್ನು ಬೇಡವೆಂದಿದ್ದಳು. ಈಗ ಅಂಗಳದಿಂದ ರಸ್ತೆಯವರೆಗೆ, ಪಿಕಪ್ಪೂ ಸೇರಿ, ಹನ್ನೊಂದು ಹಳೆಯ ಅಮೆರಿಕನ್ ಗಾಡಿಗಳು ಮೇ ತಿಂಗಳ ಬಿಸಿಲಿನಲ್ಲಿ ಹೊಳೆಯುತ್ತಿದ್ದವು.

"ಹೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಹೇಳ್ಲಿಲ್ಲ ಅಮ್ಮ," ಎಂದಳು ಪೆಗ್ಗಿ.

"ಇವೆಲ್ಲ ನಿಮ್ಮಪ್ಪ ರಿಪೇರಿ ಮಾಡಿದ್ದಾ?"

"ಹ್ಞೂಂ, ಈ ಚಳಿಗಾಲದಲ್ಲಿ ಮಾಡಿದ್ದು. ಹುಡುಕಿ ಹುಡುಕಿ ಅವನ್ನೇ ಕರೆಸಿದೀವಿ. ಚಳಿಗಾಲ ಪೂರ್ತಿ ಶೆಡ್ಡಲ್ಲಿದ್ವು, ಎಲ್ಲಾ ಈ ವರ್ಷ ಇವತ್ತೇ ಹೊರಗೆ ಬಂದಿರೋದು."

ಪೆಗ್ಗಿಯ ಅವಳಿ ಹೆಣ್ಣುಮಕ್ಕಳು ಎರಡನೆಯ ಕಾರಿನ ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದರು. ಬೇರಿತ್ ಅವರನ್ನೇ ನೋಡುತ್ತ ಮೆಟ್ಟಿಲಿಳಿದಳು.

*

ಟೂರೆ ನಲವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದವನು. ವಿಮಾನವೆಂದರೆ ಭಯ, ಅಮೆರಿಕವನ್ನು ಕಂಡವನೇ ಅಲ್ಲ. ಆದರೆ ಅಲ್ಲಿಂದ ಯಾರು ಕಾರು ತರಿಸಿದರೂ ಗಾಡಿ ಪರೀಕ್ಷಿಸಲು ಯೋತೆಬೊರಿ ಬಂದರಿಗೆ ಅವನನ್ನೇ ಕರೆದೊಯ್ಯುತ್ತಿದ್ದರು.

ಹಲವು ವರ್ಷಗಳ ಹಿಂದೆ ಲೆಲ್ಲೆ ಬರೀ ಫೋಟೋ ನೋಡಿ ನೆಬ್ರಾಸ್ಕದ ರೈತನೊಬ್ಬನಿಂದ ಆ ಪಿಕಪ್ ಕೊಂಡಿದ್ದ. ಹಡಗಿನಿಂದ ಇಳಿದ ಕಂಟೇನರ್ ತೆಗೆದಾಗ ಒಣ ಹುಲ್ಲಿನ ವಾಸನೆ ಬಂತು. ಸೀಟಿನಡಿ ಕಣಜದ ಹುಳುಗಳ ಗೂಡಿತ್ತು. ಲೆಲ್ಲೆ ಹಿಗ್ಗಿ ಹೋದ. ಟೂರೆ ಮಾತ್ರ ಗಾಡಿಯಡಿ ತೂರಿ, ಕಣ್ಣು ಮುಚ್ಚಿ, ಬೆರಳಿನಿಂದ ಅದರ ತಳವನ್ನು ಉದ್ದಕ್ಕೂ ಸವರಿದ.

"ಹೊಸ ಬಣ್ಣದಡಿ ಪೂರ್ತಿ ತುಕ್ಕು ಕಣೋ. ಬೆರಳು ಒಳಗೇ ಹೋಗುತ್ತೆ."

ಎರಡು ಚಳಿಗಾಲ ಕೂತು ಅದನ್ನು ಸರಿಮಾಡಿಕೊಟ್ಟ. ಆಮೇಲೆ ಊರಲ್ಲಿ "ಟೂರೆ ನೋಡಿದ ಗಾಡಿ" ಎಂದರೆ ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ.

*

ಬೇರಿತ್ ಲೆಲ್ಲೆಯ ಪಕ್ಕದಲ್ಲಿ ಕೂತಳು. ಮೆರವಣಿಗೆ ಕಾರ್ಖಾನೆ ದಾಟಿತು. ರಸ್ತೆ ಸಮತಟ್ಟಾಗಿತ್ತು. ಅಂಗಡಿ ದಾಟಿದ ಮೇಲೆ ಮಾತ್ರ ಕೆರೆಯಂಚಿನ ಚರ್ಚಿನವರೆಗೂ ಒಂದೇ ಇಳಿಜಾರು.

"ನಮ್ಮ ಟೂರೆಗೆ ರಾಜಮರ್ಯಾದೆ," ಎಂದ ಲೆಲ್ಲೆ. ಅಂಗಡಿಯ ತಿರುವಿನಲ್ಲಿ ಬ್ರೇಕ್ ಒತ್ತಿದ. ಇನ್ನೊಂದು ಸಲ ಒತ್ತಿದ. "ಪೆಡಲ್ ಸ್ವಲ್ಪ ಮೆತ್ತಗಾಗಿದೆ. ಮುದುಕಿ ಅಲ್ವಾ ಇವಳೂ!"

ಬೇರಿತ್ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

*

ಆಸ್ಪತ್ರೆಯಲ್ಲಿ ಟೂರೆ ಕೈಗಳನ್ನು ಹೊದಿಕೆಯಡಿ ಬಚ್ಚಿಟ್ಟುಕೊಂಡೇ ಮಲಗಿದ್ದ. ಕಾಫಿ ಕುಡಿಸುವಾಗ ಬೇರಿತ್‌ಗೆ ಅವನ ಕೈಗಳ ನಡುಕ ಕಂಡಿತು.

"ಯಾವಾಗಿಂದ?"

"ಅಕ್ಟೋಬರಿಂದ. ಬೆರಳಿಗೆ ಏನೂ ತಿಳೀತಿರ್ಲಿಲ್ಲ ಬೇರಿತ್. ಹನ್ನೊಂದು ಗಾಡಿಗೆ ಹೊಸಾ ಬ್ರೇಕ್ ಪೈಪ್ ಹಾಕ್ದೆ. ಯಾವ ನಟ್ಟು ಬಿಗಿ ಮಾಡ್ದೆ, ಯಾವುದನ್ನ ಬಿಟ್ಟೆ, ಒಂದೂ ಗೊತ್ತಿಲ್ಲ."

"ಗಾಡಿಯವರಿಗೆ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನನ್ನ ಹತ್ರ ಇದ್ದಿದ್ದು ಆ ಹೆಸರೊಂದೇ." ಅವನ ಕಣ್ಣಲ್ಲಿ ಮಗುವಿನಂಥ ಹೆದರಿಕೆ ಇತ್ತು. "ಗಾಡಿಗಳು ಇನ್ನೂ ಅವರವರ ಶೆಡ್ಡಲ್ಲೇ ಇವೆ. ನಾನೇ ಎದ್ದು ಬಂದು ಒಂದೊಂದಾಗಿ ನೋಡ್ತೀನಿ. ನೀನು ಬಾಯಿ ಬಿಡ್ಬೇಡ."

ಅವಳು ಮಾತು ಕೊಟ್ಟಳು. ಮೂರನೆಯ ದಿನ ಅವನು ಹೋಗಿಬಿಟ್ಟ.

*

ಇಳಿಜಾರಿನ ನೆತ್ತಿ ಬಂತು. ಕೆಳಗೆ ಕೆರೆ, ಬಿಳಿಯ ಚರ್ಚು. ಕನ್ನಡಿಯಲ್ಲಿ ಹಿಂದಿನ ಕಾರಿನಲ್ಲಿದ್ದ ಅವಳಿಗಳ ಎರಡು ತಲೆಗಳು.

"ನಿಲ್ಸು ಲೆಲ್ಲೆ."

"ಸಮಾಧಾನ ಮಾಡ್ಕೊ, ಬಂದೇ ಬಿಡ್ತು..."

"ನಿಲ್ಸು ಅಂದೆ!" ಅವಳೇ ಬಗ್ಗಿ ಕೀಲಿ ತಿರುಗಿಸಿದಳು. ಲೆಲ್ಲೆ ಬೆದರಿ ಹ್ಯಾಂಡ್‌ಬ್ರೇಕ್ ಎಳೆದ. ಗಾಡಿ ಮುಗ್ಗರಿಸಿ ನಿಂತಿತು. ಹಿಂದಿನವೂ ಒಂದೊಂದಾಗಿ ನಿಂತವು.

ಜನ ಸುತ್ತ ಸೇರಿದರು. ಬೇರಿತ್ ಇಳಿದು, ಗಂಡನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದಳು: "ಇವರ ಕೈ ನಡುಗ್ತಿತ್ತು. ಎಲ್ಲಾ ಗಾಡಿಯ ಬ್ರೇಕೂ ಹಾಗೇ ಮಾಡಿದ್ದು. ಇವರಿಗೇ ನಂಬಿಕೆ ಇರ್ಲಿಲ್ಲ."

"ಅಮ್ಮ, ಏನ್ ಮಾತಾಡ್ತಿದೀಯ!" ಪೆಗ್ಗಿಯ ದನಿ ಒಡೆಯಿತು. "ಇವತ್ತು? ಅಪ್ಪನ ಮುಂದೆ?"

ಲೆಲ್ಲೆಯ ಮುಖ ಕೆಂಪೇರಿತು. "ಟೂರೆ ನೋಡಿದ ಗಾಡಿ ಇದು! ಸತ್ತವನ ಮೇಲೆ ಇಂಥ ಮಾತಾ? ತೋರಿಸ್ತೀನಿ ಇರು." ಅಂಗಿ ಕೋಟು ಯಾವುದನ್ನೂ ಲೆಕ್ಕಿಸದೆ ಬೆನ್ನ ಮೇಲೆ ಮಲಗಿ ಪಿಕಪ್‌ನಡಿ ತೂರಿದ.

ಅವನ ಹೊಳೆಯುವ ಬೂಟುಗಳಷ್ಟೇ ಕಾಣುತ್ತಿದ್ದವು. ಕೆಳಗೆ ಚರ್ಚಿನ ಗಂಟೆ ಶುರುವಾಯಿತು. ಟೂರೆಯ ತಪ್ಪೇ ಇರದಿರಲಿ, ನಾನೇ ಸುಳ್ಳುಗಾತಿಯಾಗಲಿ ಎಂದು ಬೇರಿತ್ ಮನಸ್ಸಿನಲ್ಲೇ ಬೇಡಿದಳು.

ಬೂಟುಗಳು ಅಲುಗುವುದು ನಿಂತಿತು. ಬಹಳ ಹೊತ್ತಿನ ಮೇಲೆ ಲೆಲ್ಲೆ ಹೊರಬಂದ. ಬಲಗೈಯ ಬೆರಳುಗಳಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು.

"ನಟ್ಟು ಬರೀ ಬೆರಳಲ್ಲೇ ತಿರುಗ್ತು," ಎಂದ ಮೆಲ್ಲಗೆ. ಪೆಗ್ಗಿಯ ಕಡೆ ನೋಡದೆ, "ಮಕ್ಕಳನ್ನ ಇಳಿಸು" ಎಂದ.

ಪಟ್ಟಿ ಬಿಚ್ಚಿದರು. ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮುಂದಿನ ಮೂಲೆಗೆ ಲೆಲ್ಲೆ. ಪಾದ್ರಿ ಚರ್ಚಿನ ಬಾಗಿಲಲ್ಲಿ ಹಣೆಗೆ ಕೈಯಿಟ್ಟು ಮೇಲೆ ನೋಡುತ್ತ ನಿಂತಿದ್ದ.

ಎಲ್ಲರೂ ಪೆಟ್ಟಿಗೆಯ ಹಿಂದೆ ನಡೆದರು. ಬೇರಿತ್ ಮೊಮ್ಮಕ್ಕಳಿಬ್ಬರ ಕೈ ಹಿಡಿದು ರಸ್ತೆಯ ಅಂಚಿನಲ್ಲೇ ಇಳಿದಳು. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿದಳು. ನೆತ್ತಿಯ ಮೇಲೆ ಹನ್ನೊಂದು ಗಾಡಿಗಳು ಇಳಿಜಾರಿಗೆ ಮುಖ ಮಾಡಿ ನಿಂತಿದ್ದವು, ಒಂದೊಂದರ ಚಕ್ರದಡಿಯೂ ಒಂದೊಂದು ಕಲ್ಲು.